ಮೊಸರಿನ ಬೊಟ್ಟು

ಕಲ್ಕತ್ತೆಯಲ್ಲಿ ಮೀನು ಬೇಯದ ಅಡುಗೆಮನೆ ಹುಡುಕುತ್ತೇನೆಂದು ಹೊರಟವಳು ನಮ್ಮ ಅಮ್ಮ ಒಬ್ಬಳೇ ಇರಬೇಕು. ಹುಡುಕಿಯೂ ಬಿಟ್ಟಳು. ಅದು ಸಿಗದೇ ಹೋಗಿದ್ದರೆ ನನ್ನ ಎಂ.ಎಸ್ಸಿ. ಅಲ್ಲಿಗೇ ನಿಲ್ಲುತ್ತಿತ್ತು.

ನಾನಾಗ ಸಂಖ್ಯಾಶಾಸ್ತ್ರದ ಕೊನೆಯ ಸೆಮಿಸ್ಟರಿನಲ್ಲಿದ್ದೆ. ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿ. ಉಡುಪಿ ಕಡೆಯಿಂದ ಬಂದು ಸದರ್ನ್ ಅವೆನ್ಯೂದ ಒಂದು ಬಾಡಿಗೆ ಮನೆಯಲ್ಲಿ ನಾವು ಕೆಲವು ವರ್ಷ ಕಳೆದಿದ್ದೆವು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಗೋಡೆ ಕಂಡಲ್ಲೆಲ್ಲ ಘೋಷಣೆ, ವಾರ ಬಂದರೆ ಒಂದು ಬಂದ್. ಸೆಮಿಸ್ಟರ್ ಎಂದರೆ ಆರು ತಿಂಗಳು ಎಂದು ವಿಶ್ವವಿದ್ಯಾಲಯದ ಸೂಚನಾ ಫಲಕ ಹೇಳುತ್ತಿತ್ತು. ಆ ಫಲಕದ ಮೇಲೆಯೇ ಯಾರೋ ಮುಷ್ಕರದ ಪೋಸ್ಟರ್ ಅಂಟಿಸಿ ಹೋಗಿರುತ್ತಿದ್ದರು.

ಅಂಥ ಹೊತ್ತಿನಲ್ಲಿ, ತರಗತಿಗಳು ಆಗಷ್ಟೇ ಒಂದು ಹದಕ್ಕೆ ಬಂದಿದ್ದಾಗ, ಅಪ್ಪನಿಗೆ ಮಂಗಳೂರಿಗೆ ವರ್ಗವಾಯಿತು. ಅಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ನನಗೆ ಬಂದ ಜೀವ ಹೋದ ಹಾಗೆ. ನಾಲ್ಕು ಪತ್ರಿಕೆ ಬರೆದರೆ ಮುಗಿಯುವ ಓದು, ಈಗ ಬಿಟ್ಟು ಹೋಗುವುದು ಹೇಗೆ? ಅಪ್ಪ ನನ್ನ ಕಡೆ ನಿಂತರು. ಅಮ್ಮ ಒಂದೇ ಪ್ರಶ್ನೆ ಇಟ್ಟಳು.

"ಹುಡುಗಿ ಒಬ್ಳೇ ಇಲ್ಲಿ ಎಂತ ತಿನ್ನುದು? ಹಾಸ್ಟೆಲಿನಲ್ಲಿ ಮೀನು ಕಾಯಿಸಿದ ಎಣ್ಣೆಯಲ್ಲೇ ಬದನೆಕಾಯಿ ಕಾಯಿಸ್ತಾರಂತೆ. ನಾನು ಕೇಳಿ ತಿಳ್ಕೊಂಡಿದ್ದೇನೆ."

ಯಾರ ಹತ್ತಿರ, ಯಾವ ಭಾಷೆಯಲ್ಲಿ ಕೇಳಿದಳೋ ದೇವರಿಗೇ ಗೊತ್ತು. ಅಮ್ಮನ ಹಿಂದಿ ತರಕಾರಿಯವನಿಗೂ ಅರ್ಥವಾಗುತ್ತಿರಲಿಲ್ಲ. ಆದರೆ ಎಣ್ಣೆಯ ವಿಷಯ ನಿಜವಾಗಿತ್ತು.

ಅಪ್ಪನ ಕಚೇರಿಯ ಗುಮಾಸ್ತರೊಬ್ಬರು ಲೇಕ್ ಗಾರ್ಡನ್ಸ್‌ನಲ್ಲಿ ಒಬ್ಬ ಹೆಂಗಸು ಇದ್ದಾರೆಂದು ಹೇಳಿದರು. ವಿಧವೆ, ಮಕ್ಕಳಿಲ್ಲ. ಎರಡಂತಸ್ತಿನ ಮನೆಯಲ್ಲಿ ಮೇಲೆ ಮೈದುನನ ಸಂಸಾರ, ಕೆಳಗೆ ಇವರು, ಇವರದೇ ಬೇರೆ ಅಡುಗೆಮನೆ. ಅಮ್ಮ, ನಾನು ಇಬ್ಬರೂ ನೋಡಲು ಹೋದೆವು. ಬಿಳಿ ಸೀರೆ, ಕತ್ತರಿಸಿದ ಕೂದಲು, ಮೂಗಿನ ಮೇಲೆ ಜಾರುವ ಕನ್ನಡಕ. ವಯಸ್ಸು ಐವತ್ತರ ಆಸುಪಾಸು. ಅಮ್ಮ ಅವರನ್ನು ನೋಡಿ ಮೆಲ್ಲಗೆ "ಪಾಪ" ಎಂದಳು. ಮರುಕ್ಷಣವೇ ಅಡುಗೆಮನೆಯ ವಿಚಾರಣೆಗೆ ಇಳಿದಳು. ನಡುವೆ ನಿಂತು ಬಂಗಾಳಿಗೆ ತಿರುಗಿಸುವ ಕೆಲಸ ನನ್ನದು.

ಮೀನು? ಈ ಹೊಸ್ತಿಲು ದಾಟಿ ಬರುವುದಿಲ್ಲ. ಮೊಟ್ಟೆ? ಇಲ್ಲ. ಈರುಳ್ಳಿ, ಬೆಳ್ಳುಳ್ಳಿ? ಅವೂ ಇಲ್ಲ. ಮಸೂರ್ ಬೇಳೆಯನ್ನು ಕೂಡ ಮುಟ್ಟುವುದಿಲ್ಲ. ಅಮ್ಮನ ಮುಖ ಅರಳುತ್ತಾ ಹೋಯಿತು. ಕೊನೆಗೆ, ಏನೋ ದೊಡ್ಡ ಪರೀಕ್ಷೆ ಇಡುವವಳಂತೆ, "ಏಕಾದಶಿ ಮಾಡ್ತಾರಾ ಕೇಳು" ಎಂದಳು.

"ಮಾಡುತ್ತೇನೆ. ನೀರೂ ಕುಡಿಯುವುದಿಲ್ಲ" ಎಂದರು ಆ ಹೆಂಗಸು.

ನಮ್ಮ ಮನೆಯಲ್ಲಿ ಏಕಾದಶಿಯೆಂದರೆ ಅಮ್ಮನಿಗೆ ಹಬ್ಬಕ್ಕಿಂತ ಹೆಚ್ಚು. ಅವಳ ಕಣ್ಣಲ್ಲಿ ನೀರು ನಿಂತಿತು. "ನೋಡು ಮಾರಾಯ್ತಿ, ನಮ್ಮವ್ರೇ ಇಷ್ಟು ಕಟ್ಟುನಿಟ್ಟು ಮಾಡುದಿಲ್ಲ. ಇಂಥ ಊರಲ್ಲಿದ್ದೂ ಮೀನು ಮುಟ್ಟದೆ ಇರುದಂದ್ರೆ ಸಣ್ಣ ಸಂಗತಿಯಾ? ಹೇಳು ಅವ್ರಿಗೆ, ಪುಣ್ಯ ಮಾಡಿದವ್ರು ನೀವು ಅಂತ. ಇಂಥ ಅಡುಗೆಮನೆ ಸಿಗ್ಲಿಕ್ಕೂ ಯೋಗ ಬೇಕು ಅಂತ."

ನಾನು ಒಂದಕ್ಷರ ಬಿಡದೆ ಹೇಳಿದೆ. ಅವರು ಕನ್ನಡಕ ಮೇಲೇರಿಸಿ ಅಮ್ಮನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನತ್ತ ತಿರುಗಿ, "ನಿನಗೆ ಇಲ್ಲಿ ಊಟಕ್ಕೆ ತೊಂದರೆಯಾಗದು ಅಂತ ನಿನ್ನಮ್ಮನಿಗೆ ಹೇಳು" ಎಂದಷ್ಟೇ ಅಂದರು. ಅಲ್ಲಿಗೆ ವಿಷಯ ಇತ್ಯರ್ಥವಾಯಿತು. ಅಪ್ಪ, ಅಮ್ಮ ಹೌರಾದಲ್ಲಿ ರೈಲು ಹತ್ತಿದರು, ನಾನು ನನ್ನ ಟ್ರಂಕು ಹೊತ್ತು ಲೇಕ್ ಗಾರ್ಡನ್ಸ್‌ಗೆ ಬಂದೆ. ಅವರನ್ನು ಮಾಶಿಮಾ ಎಂದು ಕರೆದೆ. ಬಂಗಾಳಿಗಳು ತಾಯಿಯ ವಯಸ್ಸಿನ ಯಾವ ಹೆಂಗಸನ್ನಾದರೂ ಕರೆಯುವುದು ಹಾಗೆಯೇ.

ಓದಿನ ವಿಷಯ ಹೇಳಬೇಕು, ಯಾಕೆಂದರೆ ಇಷ್ಟೆಲ್ಲ ರಾಮಾಯಣ ಅದಕ್ಕಾಗಿ. ನಮ್ಮ ಪ್ರಾಕ್ಟಿಕಲ್ ಕೋಣೆಯಲ್ಲಿ ಹಿಡಿ ತಿರುಗಿಸುವ ಲೆಕ್ಕದ ಯಂತ್ರಗಳಿದ್ದವು. ಎಲ್ಲರೂ ಒಟ್ಟಿಗೆ ತಿರುಗಿಸತೊಡಗಿದರೆ ಹಿಟ್ಟಿನ ಗಿರಣಿಯ ಸದ್ದು. ಕರೆಂಟು ಹೋದರೂ ಅವು ನಡೆಯುತ್ತಿದ್ದವು ಎನ್ನುವುದೇ ಅವುಗಳ ದೊಡ್ಡ ಗುಣ. ಸ್ಯಾಂಪ್ಲಿಂಗ್ ಕಲಿಸುತ್ತಿದ್ದ ಪ್ರೊಫೆಸರರು ಬಂದ್ ದಿನವೂ ಕೊಡೆ ಊರಿಕೊಂಡು ನಡೆದೇ ಬರುತ್ತಿದ್ದರು. ಮೂವರೇ ಇದ್ದರೂ ಪಾಠ ನಡೆಯುತ್ತಿತ್ತು. ಅವರ ಒಂದೇ ಒಂದು ತೊಂದರೆಯೆಂದರೆ, ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಹೊರಟವರು ವಿಷಯದ ತಿರುಳು ಬಂದ ಕೂಡಲೇ ಬಂಗಾಳಿಗೆ ಇಳಿದುಬಿಡುತ್ತಿದ್ದರು. ಬಸ್ಸಿನ ಬಂಗಾಳಿ, ಅಂಗಡಿಯ ಬಂಗಾಳಿ ನನಗೆ ಬರುತ್ತಿತ್ತು. ಸಂಭವನೀಯತೆಯ ಬಂಗಾಳಿ ಎಲ್ಲಿಂದ ಬರಬೇಕು? ಎಲ್ಲರೂ ತಲೆದೂಗುವಾಗ ನಾನೂ ದೂಗುತ್ತಿದ್ದೆ. ಪಕ್ಕದ ಗೆಳತಿ ಆಮೇಲೆ ಕ್ಯಾಂಟೀನಿನಲ್ಲಿ ಕೂತು ನನಗೆ ಅದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಿದ್ದಳು.

ಒಂದು ಪಾಠ ಮಾತ್ರ ಯಾರ ಸಹಾಯವೂ ಇಲ್ಲದೆ ತಿಳಿಯಿತು. ಅನ್ನ ಬೆಂದಿದೆಯೇ ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತಾರಲ್ಲ, ಅದು ಸುಳ್ಳು ಎಂದರು ಪ್ರೊಫೆಸರರು. ಪಾತ್ರೆಯನ್ನು ಚೆನ್ನಾಗಿ ಕದಡಿದ್ದರೆ ಮಾತ್ರ ಆ ಮಾತು ನಿಜ. ಒಂದೆರಡು ಸಲ ನಡೆದದ್ದನ್ನು ಹಿಡಿದುಕೊಂಡು ಲೋಕವೇ ಹೀಗೆ ಎನ್ನುವವನು ನನ್ನ ಪತ್ರಿಕೆಯಲ್ಲಿ ಪಾಸಾಗುವುದಿಲ್ಲ ಎಂದು ಮೇಜು ಕುಟ್ಟಿದರು.

ಮಾಶಿಮಾರ ಅಡುಗೆಯ ಬಗ್ಗೆ ಅಮ್ಮನಿಗೆ ನಾನು ಬರೆದದ್ದೆಲ್ಲ ಹೊಗಳಿಕೆಯೇ. ಬಾಳೆಹೂವನ್ನು ಎಳೆ ಎಳೆ ಬಿಡಿಸಿ, ಕೊಬ್ಬರಿ ಹಾಕಿ ಮಾಡುತ್ತಿದ್ದ ಪಲ್ಯ. ಹಾಗಲ, ನುಗ್ಗೆ, ಬಾಳೆಕಾಯಿ ಕೂಡಿಸಿ ಮಾಡುವ ಸಣ್ಣ ಕಹಿಯ ಪದಾರ್ಥ. ಸೋರೆಕಾಯಿ ಸಿಪ್ಪೆಯನ್ನೂ ಬಿಸಾಡದೆ ಗಸಗಸೆಯೊಂದಿಗೆ ಹುರಿಯುತ್ತಿದ್ದರು. ಸಿಪ್ಪೆಯಲ್ಲಿ ಇಷ್ಟು ರುಚಿ ಇದೆಯೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಆದರೆ ಏಕಾದಶಿಯ ದಿನ ನನಗೆ ಸ್ವಲ್ಪ ಕಷ್ಟವಾಗುತ್ತಿತ್ತು. ನಮ್ಮಮ್ಮ ಏಕಾದಶಿಯಂದು ಮನೆಯೆಲ್ಲ ಓಡಾಡುತ್ತಾ ಸ್ತೋತ್ರ ಹೇಳುತ್ತಾಳೆ, ನಾಳೆಯ ದ್ವಾದಶಿಗೆ ಏನು ಅಡುಗೆ ಎಂದು ಆಗಲೇ ಲೆಕ್ಕ ಹಾಕುತ್ತಾಳೆ. ಮಾಶಿಮಾ ವೈಶಾಖದ ಆ ಧಗೆಯಲ್ಲಿ ಬರಿ ನೆಲದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಕೇಳಿದರೆ, "ನಿನ್ನ ಅನ್ನ ಮುಚ್ಚಿಟ್ಟಿದ್ದೇನೆ, ತಿನ್ನು" ಎನ್ನುತ್ತಿದ್ದರು.

ಪರೀಕ್ಷೆಯ ದಿನ ಗೊತ್ತಾಯಿತು. ಆ ಬೆಳಿಗ್ಗೆ ದೇವರಿಗೆ ಕೈಮುಗಿದು, ಹೇಳಿ ಹೊರಡೋಣವೆಂದು ಮಾಶಿಮಾರನ್ನು ಹುಡುಕಿದರೆ ಅವರು ಎಲ್ಲೂ ಇಲ್ಲ. ಮೇಜಿನ ಮೇಲೆ ತಿಂಡಿ ಇತ್ತು, ಬಾಗಿಲು ತೆರೆದಿತ್ತು. ಸ್ನಾನಕ್ಕೆ ಹೋಗಿರಬೇಕೆಂದು ಹೊರಟೆ. ಲೋಕಲ್ ರೈಲು ಹಿಡಿದು, ಬಾಲಿಗಂಜಿನಲ್ಲಿ ಇಳಿದು, ಟ್ರಾಮ್ ಹತ್ತಿ ಹೋದರೆ ಗೇಟಿಗೆ ಬೀಗ. ಬಹಿಷ್ಕಾರವಂತೆ, ಪರೀಕ್ಷೆ ಮುಂದಕ್ಕೆ ಹೋಗಿದೆಯಂತೆ. ಬಿಸಿಲಲ್ಲಿ ನಿಂತಿದ್ದ ನನ್ನ ಸಹಪಾಠಿಗಳ ಹಣೆಯ ಮೇಲೆಲ್ಲ ಒಣಗಿ ಬಿರಿದ ಬಿಳಿ ಬೊಟ್ಟು. ಪರೀಕ್ಷೆಗೆ ಹೊರಡುವ ಮಕ್ಕಳ ಹಣೆಗೆ ತಾಯಿ ಮೊಸರಿನ ಬೊಟ್ಟು ಇಡುವುದು ಅಲ್ಲಿಯ ಪದ್ಧತಿ. ಗೆಳತಿ ನನ್ನ ಹಣೆ ನೋಡಿ, "ನಿನಗೆ ಯಾರೂ ಇಡಲಿಲ್ಲವಾ? ಅದಕ್ಕೇ ಪರೀಕ್ಷೆ ನಿಂತುಹೋಯಿತು ನೋಡು" ಎಂದು ನಕ್ಕಳು.

ಎರಡನೆಯ ಸಲ ದಿನ ಗೊತ್ತಾದಾಗ ಆಗಲೇ ಮಳೆಯ ಮೋಡ ಕಟ್ಟುತ್ತಿತ್ತು. ಈ ಸಲವೂ ಹೊರಡುವ ಹೊತ್ತಿಗೆ ಮಾಶಿಮಾ ಮಾಯ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಒಳಗೆ ತಿರುಗಿ ನೋಡಿದೆ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಬಿಳಿ ಸೀರೆಯ ಅಂಚು ಕಂಡಿತು. ಉಸಿರು ಬಿಗಿಹಿಡಿದು ಬಾಗಿಲ ಹಿಂದೆ ನಿಂತಿದ್ದರು.

ಆಗ ತಿಳಿಯಿತು. ಬಂಗಾಳದ ಎಷ್ಟೋ ಆಚಾರ ನನಗೆ ಗೊತ್ತಿರಲಿಲ್ಲ, ಆದರೆ ಇದು ಗೊತ್ತಿತ್ತು. ಇದು ನಮ್ಮದೂ ಹೌದು. ಊರಲ್ಲಿ ಶುಭಕಾರ್ಯಕ್ಕೆ ಹೊರಟಾಗ ಗಂಡ ಸತ್ತವರು ಎದುರು ಬಂದರೆ ಅಮ್ಮ ಅಪ್ಪನನ್ನು ಒಳಗೆ ಕರೆದು ಕೂರಿಸಿ, ಒಂದು ಲೋಟ ನೀರು ಕುಡಿಸಿ, ಮತ್ತೆ ಕಳಿಸುತ್ತಿದ್ದಳು. ಎದುರು ಬಂದ ಆ ಹೆಂಗಸಿಗೆ ಅದು ಕಾಣುತ್ತಿತ್ತೇ, ಕಂಡು ಏನನ್ನಿಸುತ್ತಿತ್ತು ಎಂದು ನಾನು ಯೋಚಿಸಿದ್ದೇ ಇಲ್ಲ. ನಾಲ್ಕು ತಿಂಗಳು ನನಗೆ ಅನ್ನ ಹಾಕಿದವರು ನನ್ನಿಂದ ತಮ್ಮ ಮುಖವನ್ನು ಅಡಗಿಸಿಕೊಂಡು ನಿಂತದ್ದು ಕಂಡು ನನಗೆ ಅಳು ಬಂತು, ಸಿಟ್ಟೂ ಬಂತು. ಹಾಗೆಯೇ ಹೊರಟುಬಿಟ್ಟೆ. ಪರೀಕ್ಷೆ ಅಂದೂ ನಡೆಯಲಿಲ್ಲ. ಉತ್ತರಪತ್ರಿಕೆ ಹಂಚುವ ಮೊದಲೇ ಗದ್ದಲವೆದ್ದು ಎಲ್ಲರನ್ನೂ ಹೊರಗೆ ಕಳಿಸಿದರು.

ವಾರ ಕಳೆಯುವುದರೊಳಗೆ ಅಪ್ಪನ ಕಾಗದ ಬಂತು. ಇನ್ನೂ ಒಂದು ಸಲ ನೋಡೋಣ, ಅದೂ ಮುಂದಕ್ಕೆ ಹೋದರೆ ಗಂಟುಮೂಟೆ ಕಟ್ಟಿ ಬಂದುಬಿಡು, ಅಮ್ಮನಿಗೆ ನಿದ್ದೆಯಿಲ್ಲ ಎಂದು ಬರೆದಿದ್ದರು. ಅಪ್ಪ ಹಾಗೆ ಬರೆದರೆ ಮತ್ತೆ ಅದರ ಮೇಲೆ ಮಾತಿಲ್ಲ. ನನಗೆ ಉಳಿದದ್ದು ಒಂದೇ ಅವಕಾಶ.

ಮೂರನೆಯ ದಿನಾಂಕಕ್ಕೆ ಕಾಯುತ್ತಿದ್ದಾಗ ಮಳೆ ಹಿಡಿಯಿತು. ಆ ಮಳೆಗೆ ನದಿಗಳಲ್ಲಿ ಇಲಿಶ್ ಮೀನು ಬರುತ್ತದೆ. ಬಂದರೆ ಕಲ್ಕತ್ತೆಯ ಮನೆ ಮನೆಯಲ್ಲೂ ಅದೇ ಮಾತು, ಅದೇ ವಾಸನೆ. ಒಂದು ಮಧ್ಯಾಹ್ನ ಮೇಲಿನ ಮನೆಯಲ್ಲಿ ಸಾಸಿವೆ ಅರೆದು ಹಾಕಿ ಇಲಿಶ್ ಬೇಯಿಸುತ್ತಿದ್ದರು. ಮಾಶಿಮಾ ಎದ್ದು ಹೋಗಿ ಅಂಗಳದ ಕಡೆಯ ಕಿಟಕಿಯನ್ನು ಭದ್ರವಾಗಿ ಮುಚ್ಚಿದರು.

ನಾನು ಪುಸ್ತಕದಿಂದ ತಲೆಯೆತ್ತಿ, "ನಮ್ಮಮ್ಮನೂ ಹೀಗೇ, ಮಾಶಿಮಾ. ಸದರ್ನ್ ಅವೆನ್ಯೂದಲ್ಲಿ ಪಕ್ಕದ ಮನೆಯವರು ಮೀನು ಕಾಯಿಸಿದರೆ ಕಿಟಕಿ ಮುಚ್ಚಿ ಊದುಬತ್ತಿ ಹಚ್ಚುತ್ತಿದ್ದಳು" ಎಂದೆ.

ಅವರು ನಕ್ಕರು. ಜೋರಾಗಿಯೇ ನಕ್ಕರು. "ನಿನ್ನಮ್ಮ ಮುಚ್ಚುವುದು ವಾಸನೆ ಬೇಡವೆಂದು, ಮಗಳೇ. ನಾನು ಮುಚ್ಚುವುದು ಬೇಕೆನಿಸುತ್ತದೆ ಎಂದು."

ನಾನು ಪುಸ್ತಕ ಮುಚ್ಚಿದೆ. ಅವರೇ ಹೇಳಿದರು. ಪದ್ಮಾ ನದಿಯ ದಡದ ಊರು ಅವರದು. ಮಳೆಗಾಲದಲ್ಲಿ ಅವರ ತಂದೆ ದೋಣಿಯಿಂದಲೇ ಇಲಿಶ್ ಕೊಂಡು ತರುತ್ತಿದ್ದರಂತೆ. ಮೊಟ್ಟೆ ತುಂಬಿದ ತುಂಡು ಈ ಮಗಳಿಗೆ ಮೀಸಲು. ಗಂಡ ಸತ್ತಾಗ ಇವರಿಗೆ ಇನ್ನೂ ಇಪ್ಪತ್ತೂ ತುಂಬಿರಲಿಲ್ಲ. ಹದಿಮೂರು ದಿನ ಕಳೆದ ಮೇಲೆ ತಟ್ಟೆಯಲ್ಲಿ ಮೀನು ಬರಲಿಲ್ಲ, ಈರುಳ್ಳಿ ಬರಲಿಲ್ಲ, ಮಸೂರ್ ಬೇಳೆಯೂ ಬರಲಿಲ್ಲ. ಯಾರೂ ಬೇಕೇ ಬೇಡವೇ ಎಂದು ಕೇಳಲೂ ಇಲ್ಲ. "ನಿನ್ನಮ್ಮ ಅಂದು ಪುಣ್ಯ ಎಂದರಲ್ಲ, ನನಗೆ ಬೇಸರವಾಗಲಿಲ್ಲ. ಇದಕ್ಕೆ ಅಂಥ ಹೆಸರನ್ನು ಯಾರೂ ಇಟ್ಟಿರಲಿಲ್ಲ, ಅಷ್ಟೇ."

ನಾನು ಅಂದು ಅಕ್ಷರ ಬಿಡದೆ ತಿರುಗಿಸಿ ಹೇಳಿದ ಆ ಹೊಗಳಿಕೆ ನೆನಪಾಗಿ ನೆಲ ಬಾಯಿಬಿಡಬಾರದೇ ಎನಿಸಿತು. ಅಮ್ಮ ಕೆಟ್ಟವಳಲ್ಲ. ನಮ್ಮ ಜಾತಿಯಲ್ಲಿ ತಿನ್ನದಿರುವುದು ಹುಟ್ಟಿನಿಂದ ಬಂದದ್ದು. ತಿನ್ನುತ್ತಿದ್ದವರ ಬಾಯಿಂದ ಕಿತ್ತುಕೊಳ್ಳುವುದೂ ಒಂದು ಆಚಾರ ಎಂದು ಅವಳಿಗೆ ಹೊಳೆಯುವುದಾದರೂ ಹೇಗೆ? ಆ ಬಾಳೆಹೂವಿನ ಪಲ್ಯ, ಆ ಹುರಿದ ಸಿಪ್ಪೆ, ಎಲ್ಲವೂ ನನಗೆ ಬೇರೆಯಾಗಿ ಕಂಡವು. ಇಷ್ಟೇ ನಿನಗೆ ಎಂದವರ ಮುಂದೆ ಆ ಇಷ್ಟರಲ್ಲೇ ಮಾಡಿ ತೋರಿಸಿದ ಅಡುಗೆ ಅದು.

ಮೂರನೆಯ ದಿನಾಂಕ ಬಂತು. ಬೆಳಿಗ್ಗೆ ತಯಾರಾಗಿ ನಾನು ಬಾಗಿಲಿಗೆ ಹೋಗಲಿಲ್ಲ, ಅಡುಗೆಮನೆಗೆ ಹೋದೆ. ಬಾಗಿಲ ಹಿಂದೆ ನಿಂತಿದ್ದರು.

"ಮಾಶಿಮಾ, ನನಗೆ ಮೊಸರಿನ ಬೊಟ್ಟು ಬೇಕು" ಎಂದೆ.

ಹೆದರಿಬಿಟ್ಟರು. ಮೇಲಿನಿಂದ ಮೈದುನನ ಹೆಂಡತಿಯನ್ನು ಕರೆಯುತ್ತೇನೆ, ಅವಳು ಮುತ್ತೈದೆ, ಅವಳು ಇಡಲಿ ಎಂದರು. ನನ್ನ ಮುಖ ನೋಡಬೇಡ, ಹೋಗು ಎಂದು ಕೈಯಾಡಿಸಿದರು.

"ಎರಡು ಸಲ ನೀವು ಬಚ್ಚಿಟ್ಟುಕೊಂಡಿರಿ. ಎರಡು ಸಲವೂ ಪರೀಕ್ಷೆ ನಿಂತಿತು. ನಾನು ಸಂಖ್ಯಾಶಾಸ್ತ್ರ ಓದಿದವಳು, ಮಾಶಿಮಾ. ಲೆಕ್ಕ ಏನು ಹೇಳುತ್ತದೆ ಗೊತ್ತಾ? ನೀವು ಬಚ್ಚಿಟ್ಟುಕೊಳ್ಳುವುದೇ ಅಪಶಕುನ."

ನಮ್ಮ ಪ್ರೊಫೆಸರರು ಕೇಳಿದ್ದರೆ ಕೊಡೆಯಲ್ಲೇ ನಾಲ್ಕು ಬಾರಿಸುತ್ತಿದ್ದರು. ಮಾಶಿಮಾ ನಗಲಿಲ್ಲ. "ಇವತ್ತೂ ನಿಂತುಹೋದರೆ?" ಎಂದರು. "ನಿನ್ನ ಅಪ್ಪ ಕರೆಸಿಕೊಳ್ಳುತ್ತಾರೆ. ಆಮೇಲೆ ನಾನು ಏನೆಂದುಕೊಂಡು ಬದುಕಲಿ?"

ನಾನು ಹಣೆ ಮುಂದೆ ಮಾಡಿ ನಿಂತೆ. ರೈಲಿನ ಹೊತ್ತಾಗುತ್ತಿತ್ತು. ಕೊನೆಗೆ ಬಟ್ಟಲಿನ ಸದ್ದಾಯಿತು, ತಣ್ಣಗಿನ ಬೆರಳೊಂದು ಹಣೆಗೆ ತಾಗಿತು. ಅವರು ಬಾಗಿಲವರೆಗೆ ಬಂದು, ಬೀದಿಗೆ ಕಾಣುವಂತೆ ನಿಂತು ನನ್ನನ್ನು ಕಳಿಸಿಕೊಟ್ಟರು.

ದಾರಿಯುದ್ದಕ್ಕೂ ನನಗೆ ಒಂದು ಸೂತ್ರವೂ ನೆನಪಿಗೆ ಬರಲಿಲ್ಲ. ಇಂದು ಗೇಟಿಗೆ ಬೀಗ ಬಿದ್ದಿದ್ದರೆ ನನ್ನ ಪದವಿ ಹೋಗುತ್ತದೆ, ಹೋಗಲಿ; ಆ ಹೆಂಗಸು ಮತ್ತೆ ಯಾವತ್ತೂ ಯಾರ ಎದುರಿಗೂ ಬರುವುದಿಲ್ಲ. ದೇವರೇ, ಅವರಿಗಾಗಿಯಾದರೂ ಪರೀಕ್ಷೆ ನಡೆಸು ಎಂದು ಬೇಡಿಕೊಂಡೆ. ಟ್ರಾಮಿನಲ್ಲಿ ಬೆವರಿಗೆ ಬೊಟ್ಟು ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು, ಒರೆಸಲು ಧೈರ್ಯವಾಗಲಿಲ್ಲ. ತಿರುವಿನಲ್ಲಿ ಗೇಟು ಕಂಡಿತು. ತೆರೆದಿತ್ತು. ಪೊಲೀಸರು ಕೂತು ಬೀಡಿ ಸೇದುತ್ತಿದ್ದರು, ಹುಡುಗ ಹುಡುಗಿಯರು ಒಳಗೆ ಹೋಗುತ್ತಿದ್ದರು. ಗಂಟೆ ಹೊಡೆಯಿತು, ಪ್ರಶ್ನೆಪತ್ರಿಕೆ ಕೈಗೆ ಬಂತು. ಮೊದಲ ಪ್ರಶ್ನೆ ಸ್ಯಾಂಪ್ಲಿಂಗಿನದ್ದೇ. ಒಂದೆರಡು ಸಲ ನಡೆದದ್ದರಿಂದ ಏನನ್ನೂ ಹೇಳಲಾಗದು ಎಂಬುದನ್ನು ನಾನು ಅಂದು ಬಹಳ ಶ್ರದ್ಧೆಯಿಂದ, ಹಣೆಯ ಮೇಲೆ ಬೊಟ್ಟು ಇಟ್ಟುಕೊಂಡೇ, ಬರೆದೆ.

ಸಂಜೆ ತಿರುಗಿ ಬಂದಾಗ ಮಾಶಿಮಾ ಬಾಗಿಲಲ್ಲೇ ನಿಂತಿದ್ದರು. ಅವರು ನನ್ನ ಬೆರಳಿನ ಶಾಯಿ ನೋಡಿದರು. ಉಳಿದ ಪತ್ರಿಕೆಗಳೂ ನಡೆದವು. ಪ್ರತಿ ಬೆಳಿಗ್ಗೆ ನಾನು ಕರೆಯುವ ಮೊದಲೇ ಮೊಸರಿನ ಬಟ್ಟಲು ಹೊರಗೆ ಬರುತ್ತಿತ್ತು.

ಕರೆದೊಯ್ಯಲು ಅಪ್ಪನ ಜೊತೆ ಅಮ್ಮನೂ ಬಂದಳು. ಒಂದು ದಿನ ಮಾಶಿಮಾರ ಮನೆಯಲ್ಲೇ ಉಳಿದೆವು. ಅಮ್ಮ ಬಾಳೆಹೂವಿನ ಪಲ್ಯವನ್ನು ಎರಡು ಸಲ ಬಡಿಸಿಕೊಂಡು, ಮತ್ತೆ ಅದೇ ಪುಣ್ಯದ ಮಾತು ತೆಗೆದಳು. ಈ ಸಲ ನಾನು ತಿರುಗಿಸಿ ಹೇಳಲಿಲ್ಲ. ಊಟವಾದ ಮೇಲೆ ಅವಳನ್ನು ಹಿತ್ತಿಲಿಗೆ ಕರೆದೊಯ್ದು ಎಲ್ಲವನ್ನೂ ಹೇಳಿದೆ: ಇಲಿಶ್, ಕಿಟಕಿ, ಬಾಗಿಲ ಹಿಂದಿನ ಬಿಳಿ ಸೀರೆ, ಮೊಸರು. ಬೈಯುತ್ತಾಳೆಂದು ಕಾದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಂಗೆ ಯಾರೂ ಹೇಳ್ಲೇ ಇಲ್ಲ" ಎಂದಳು. ಅಷ್ಟೇ.

ಮರುದಿನ ಹೌರಾಕ್ಕೆ ಹೊರಡುವ ಹೊತ್ತು. ಅಪ್ಪ ಟ್ಯಾಕ್ಸಿಯಲ್ಲಿ ಸಾಮಾನು ಇಡಿಸಿ ಹಾರ್ನ್ ಹೊಡೆಸುತ್ತಿದ್ದರು. ನಾನು ಕಾಲಿಗೆ ನಮಸ್ಕಾರ ಮಾಡಿ ಏಳುವುದರೊಳಗೆ ಮಾಶಿಮಾ ಒಳಗೆ ಸರಿದಿದ್ದರು. ನನ್ನೊಬ್ಬಳ ಎದುರಿಗೆ ನಿಲ್ಲುವುದು ಬೇರೆ. ಹಣೆ ತುಂಬ ಕುಂಕುಮ ಇಟ್ಟುಕೊಂಡ ಮುತ್ತೈದೆಯ ಪ್ರಯಾಣಕ್ಕೆ ಎದುರಾಗಲು ಅವರಿಗೆ ಮನಸ್ಸು ಬಂದಿರಲಿಲ್ಲ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಅದೇ ಬಿಳಿ ಅಂಚು.

ಹೊಸ್ತಿಲು ದಾಟಿದ್ದ ಅಮ್ಮ ಅದನ್ನು ನೋಡಿದಳು. ಚಪ್ಪಲಿ ಬಿಟ್ಟು ತಿರುಗಿ ಒಳಗೆ ಬಂದಳು. ಹೊರಟವರು ತಿರುಗಿ ಬರಬಾರದು ಎನ್ನುವುದೂ ಅವಳದೇ ಶಾಸ್ತ್ರ. ಸೀದಾ ಅಡುಗೆಮನೆಗೆ ಹೋಗಿ ಆ ಬಾಗಿಲನ್ನು ಪಕ್ಕಕ್ಕೆ ಸರಿಸಿದಳು.

"ನಂಗೂ ಇಡ್ಲಿಕ್ಕೆ ಹೇಳು, ಮೊಸರು" ಎಂದಳು ನನ್ನ ಕಡೆ ನೋಡದೆ.

ನಾನು ಬಂಗಾಳಿಯಲ್ಲಿ ಹೇಳಬೇಕಾಗಿ ಬರಲಿಲ್ಲ. ಅಷ್ಟರಲ್ಲಿ ಅಮ್ಮ ಅವರ ಮುಂದೆ ಹಣೆ ಬಗ್ಗಿಸಿ ನಿಂತಿದ್ದಳು.